ಅಳಿವೆಯಿಂದ ವಾಪಸು ಬಂದ ಡ್ರಮ್ಮುಗಳು

ಮೂವತ್ತೆಂಟು ತುಂಬುವವರೆಗೂ ವೆಂಕಟೇಶಪ್ಪ ಸಮುದ್ರ ಕಂಡವನಲ್ಲ. ರಾಯಕೋಟೆ ದುರ್ಗದ ಬುಡದಲ್ಲಿದ್ದ ಹಳ್ಳಿಯಲ್ಲಿ ಹುಟ್ಟಿ, ಲಾರಿ ಕ್ಲೀನರಾಗಿ, ಆಮೇಲೆ ಸ್ಟೇರಿಂಗು ಹಿಡಿದು, ಮಾವಿನಕಾಯಿ, ಹುಣಸೆಹಣ್ಣು, ಟೊಮೆಟೊ ಹೇರಿಕೊಂಡು ಬೆಂಗಳೂರು, ಸೇಲಂ, ವೇಲೂರು ಸುತ್ತಿದವನು. ಮನೆಯಲ್ಲಿ ಕನ್ನಡ, ಅಕ್ಕನ ಗಂಡನ ಮನೆಯಲ್ಲಿ ತೆಲುಗು, ರೋಡಿನಲ್ಲಿ ತಮಿಳು. ಮೂರರಲ್ಲೂ ಒಂದೇ ಥರ ಬೈಯಬಲ್ಲ ಅಂತ ಅವನ ಸ್ನೇಹಿತರು ನಗುತ್ತಿದ್ದರು. ಅಕ್ಕನ ಮಗಳು ಪಾರ್ವತಮ್ಮನನ್ನೇ ಮದುವೆಯಾಗಿದ್ದ. ಹಾಗಾಗಿ ಅವಳಿಗೆ ಅವನು ಗಂಡನಾದ ಮೇಲೂ ಮಾವನೇ.

ಟೊಮೆಟೊ ಲೋಡು ಅಂದರೆ ಕೆಂಡ ಸೆರಗಲ್ಲಿ ಕಟ್ಟಿಕೊಂಡ ಹಾಗೆ. ದಾರಿಯಲ್ಲಿ ಒಂದು ಟೈರು ಹೋಯಿತೋ, ಮಾರ್ಕೆಟ್ಟು ತಲುಪುವಷ್ಟರಲ್ಲಿ ಮಾಲೆಲ್ಲ ರಸ. ಅದಕ್ಕೇ ೧೯೮೪ರ ಸಂಕ್ರಾಂತಿ ಕಳೆದ ಮೇಲೆ ಹೊಸೂರಿನ ಕಂಟ್ರಾಕ್ಟರ್ ರಾಮಸ್ವಾಮಿ ಕರೆದು, "ಕೊಳೆಯೋದಿಲ್ಲ, ಒಡೆಯೋದಿಲ್ಲ, ವಾರಕ್ಕೊಂದೇ ಟ್ರಿಪ್ಪು. ನನ್ನ ಬೆಂಜ್ ಲಾರಿ ಓಡಿಸ್ತೀಯಾ?" ಅಂದಾಗ ವೆಂಕಟೇಶಪ್ಪ ಹಿಂದೆ ಮುಂದೆ ನೋಡದೆ ಒಪ್ಪಿದ.

ಲೋಡು ಬರುತ್ತಿದ್ದುದು ಹೊಸೂರಿನ ಹೊರಗಿನ ಒಂದು ಪ್ಲೇಟಿಂಗ್ ಕಾರ್ಖಾನೆಯಿಂದ. ಮೋಟಾರು ಗಾಡಿಗಳ ಬಿಡಿಭಾಗಗಳಿಗೆ ಅಲ್ಲಿ ಬೆಳ್ಳಿಯಂಥ ಹೊಳಪು ಕೂರಿಸುತ್ತಿದ್ದರು. ಹೊಳಪು ಹತ್ತಿದ ಮೇಲೆ ತೊಟ್ಟಿಯಲ್ಲಿ ಉಳಿಯುವ ನೀರು ಮತ್ತು ಹಸಿರು ಕೆಸರು ಡ್ರಮ್ಮಿಗೆ ಬೀಳುತ್ತಿತ್ತು. ವಾರಕ್ಕೆ ಇಪ್ಪತ್ತೆರಡು ಡ್ರಮ್ಮು. ಅದನ್ನು ಕೃಷ್ಣಗಿರಿ, ಊತಂಗರೆ, ತಿರುವಣ್ಣಾಮಲೆ ದಾಟಿಸಿ, ಕಡಲೂರಿನ ಉತ್ತರಕ್ಕಿದ್ದ ಒಂದು ಕುಪ್ಪಕ್ಕೆ, ಅಂದರೆ ಮೀನುಗಾರರ ಹಳ್ಳಿಗೆ, ಒಯ್ಯಬೇಕು. ಅಲ್ಲಿ ಹಿನ್ನೀರು ಸಮುದ್ರ ಸೇರುವ ಅಳಿವೆಯ ದಂಡೆಗೆ ಪಾಳುಬಿದ್ದ ಉಪ್ಪಿನ ಗೋಡೌನೊಂದಿತ್ತು. ಅದರ ಮುಂದಿನ ಕಲ್ಲುಕಟ್ಟೆಯ ಮೇಲೆ ರಾಮಸ್ವಾಮಿಯ ಮೇಸ್ತ್ರಿ ಎರಡಾಳು ಇಟ್ಟುಕೊಂಡು ಕಾಯುತ್ತಿದ್ದ. ಇಳಿತ ಶುರುವಾಗುವ ಹೊತ್ತು ನೋಡಿ ಡ್ರಮ್ಮು ಬಗ್ಗಿಸಿದರೆ ಆಯಿತು. ನೀರು ಅದನ್ನೆಲ್ಲ ಎಳೆದುಕೊಂಡು ಕಡಲಿಗೆ ಹೋಗುತ್ತದೆ.

"ಸಮುದ್ರ ಅಂದ್ರೆ ಏನಂದ್ಕೊಂಡಿದ್ದೀಯ?" ಅಂದಿದ್ದ ರಾಮಸ್ವಾಮಿ. "ಕೆರೆಗೆ ಒಂದು ಚಿಟಿಕೆ ಉಪ್ಪು ಹಾಕ್ದಂಗೆ. ಯಾರಿಗೂ ಗೊತ್ತೂ ಆಗೋದಿಲ್ಲ."

ಅದೇ ಕಾರ್ಖಾನೆಯ ತೊಟ್ಟಿಗಳ ಬಳಿ ಕೆಲಸಕ್ಕಿದ್ದ ನಂಜಪ್ಪ ವೆಂಕಟೇಶಪ್ಪನ ಊರಿನವನೇ. ಮೊದಲ ಲೋಡು ಹೇರುವಾಗ ಅವನು ಪಕ್ಕಕ್ಕೆ ಕರೆದು ಹೇಳಿದ: "ಲೋ ವೆಂಕ್ಟೇಶ, ಹಳದಿ ಪಟ್ಟೆ ಬಳ್ದಿರೋದು ಆಸಿಡ್ಡು. ಬಿಳಿ ಪಟ್ಟೆಯೋವು ಬೇರೆ, ಅದ್ರಲ್ಲಿ ಸಯನೈಡ್ ಐತೆ. ಎರಡೂ ಒಂದಕ್ಕೊಂದು ಸೇರಬಾರ್ದು ಕಣ್ಲಾ. ಸೇರಿದ್ರೆ ಹೊಗೆ ಏಳ್ತದೆ, ಮೂಗಿಗೆ ತಗೊಂಡೋನು ಎದ್ದೇಳಾಕಿಲ್ಲ. ನಡುವೆ ಜಾಗ ಬಿಟ್ಟು ಕಟ್ಟು."

"ಇಂಥದ್ದನ್ನ ನೀರಿಗೆ ಸುರೀತಾರೇನ್ಲಾ?"

ನಂಜಪ್ಪ ಹಗ್ಗ ಬಿಗಿಯತೊಡಗಿದ.

ಕುಪ್ಪದಲ್ಲಿ ಮೊದಲ ದಿನ ವೆಂಕಟೇಶಪ್ಪ ಸಮುದ್ರದ ಮುಂದೆ ಬಾಯಿಬಿಟ್ಟುಕೊಂಡು ನಿಂತಿದ್ದ. ಅವನನ್ನು ನೋಡಿ ನಕ್ಕವಳು ಅಂಜಲೈ. ಐವತ್ತು ದಾಟಿದ ವಿಧವೆ. ಇಳಿತದ ಹೊತ್ತಿಗೆ ಹಿನ್ನೀರಿನಲ್ಲಿ ಸೊಂಟದವರೆಗೆ ಇಳಿದು, ಕಾಲಿನಿಂದಲೇ ಕೆಸರು ತಡಕಿ ಚಿಪ್ಪುಮೀನು ಹೆಕ್ಕುವುದು ಅವಳ ಕೆಲಸ. ಕುಪ್ಪದ ಮೂವತ್ತು ಹೆಂಗಸರದ್ದೂ ಅದೇ. ಮಿಕ್ಕ ಹೊತ್ತಿನಲ್ಲಿ ತಾಳೆಗರಿಯ ಚಪ್ಪರದಡಿ ಲಾರಿಯವರಿಗೆ ಗಂಜಿ, ಮೀನುಸಾರು ಕೊಡುತ್ತಿದ್ದಳು. "ಮಲೆನಾಡಿಂದ ಬಂದೆಯಾ ಅಣ್ಣೇ? ಮೊದಲು ಕಾಲು ಒದ್ದೆ ಮಾಡ್ಕೋ, ಆಮೇಲೆ ಉಣ್ಣು" ಅಂದಳು ತಮಿಳಿನಲ್ಲಿ. ರಾಯಕೋಟೆ ಬೆಟ್ಟವೂ ಅವಳಿಗೆ ಮಲೆನಾಡೇ. ವೆಂಕಟೇಶಪ್ಪ ಕಾಲು ಒದ್ದೆ ಮಾಡಿಕೊಂಡ, ಉಂಡ. ಡ್ರಮ್ಮಿನಲ್ಲೇನು ಅಂತ ಅವಳು ಕೇಳಿದ್ದಕ್ಕೆ ಮೇಸ್ತ್ರಿಯೇ ಮುಂದಾಗಿ, "ಸೋಪಿನ ನೀರು, ಪಾತ್ರೆ ತೊಳೆದದ್ದು" ಅಂದ. ವೆಂಕಟೇಶಪ್ಪ ಕೈ ತೊಳೆದ.

ಮಾರ್ಚಿ ಬಂತು. ಮೊದಲು ಹೋದದ್ದು ಏಡಿಗಳು. ಕೆಸರಿನ ಬಿಲಗಳಿಂದ ಎದ್ದು ದಂಡೆಯ ಮರಳಿಗೆ ಬಂದು, ಬಿಸಿಲಿನಲ್ಲಿ ಕಾಲು ಮಡಚಿಕೊಂಡು ಸತ್ತು ಬಿದ್ದಿದ್ದವು. ಇಷ್ಟೊಂದು ಏಡಿ ಒಟ್ಟಿಗೆ ನೀರು ಬಿಟ್ಟು ಬಂದದ್ದು ತಾನು ಕಂಡಿಲ್ಲ ಅಂದಳು ಅಂಜಲೈ. ಮುಂದಿನ ವಾರ ಹಿನ್ನೀರಿನ ಸಣ್ಣ ಮೀನು ಹೊಟ್ಟೆ ಮೇಲಾಗಿ ತೇಲಿದವು. ಆಮೇಲಿನ ವಾರ ಅವಳ ಮೊಣಕಾಲಿನ ಕೆಳಗೆ ಬೊಬ್ಬೆಗಳೆದ್ದಿದ್ದವು. ಬೇವಿನೆಲೆ ಅರೆದು ಹಚ್ಚಿಕೊಂಡು ಮತ್ತೆ ಅದೇ ನೀರಿಗೆ ಇಳಿಯುತ್ತಿದ್ದಳು. ವೆಂಕಟೇಶಪ್ಪ ಅದನ್ನು ನೋಡಿದ.  ಅಂದು ಗಂಜಿ ಬೇಡ ಅಂದು ಲಾರಿ ಹತ್ತಿದ.

ಮನೆಯಲ್ಲಿ ಪಾರ್ವತಮ್ಮ ಅವನ ಖಾಕಿ ಅಂಗಿ ಒಗೆಯಲು ಹೋಗಿ ಎತ್ತಿ ಹಿಡಿದಳು. ತೋಳಿನ ತುಂಬ ಜರಡಿಯ ಹಾಗೆ ತೂತು.

"ಏನ್ ಮಾವ ಇದು? ಬಟ್ಟೇನೇ ತಿಂದು ಹಾಕ್ಬುಟ್ಟೈತೆ. ಬಟ್ಟೆ ತಿನ್ನೋದು ಮೈ ಬಿಡ್ತದಾ?"

"ನಾನೇನು ಅದನ್ನ ಕುಡೀತೀನಾ? ಡ್ರಮ್ನಾಗಿರ್ತದೆ, ಅಷ್ಟೇಯ."

"ಡ್ರಮ್ನಾಗಿದ್ದದ್ದು ಆಮೇಲೆ ಎಲ್ಲಿಗೆ ಹೋಯ್ತದೆ?"

ಅವನು ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಎದ್ದುಹೋದ. ಮುಂದಿನ ಸೋಮವಾರ ರಾಮಸ್ವಾಮಿಗೆ ಏಡಿಗಳ ವಿಷಯ ಹೇಳಿದ. ರಾಮಸ್ವಾಮಿ ತಲೆ ಎತ್ತಲಿಲ್ಲ. "ಬೇಸಿಗೇಲಿ ಸಾಯ್ತವೆ. ಓಡಿಸೋದು ನಿನ್ನ ಕೆಲಸ, ಏಡಿ ಕಾಯೋದಲ್ಲ." ವೆಂಕಟೇಶಪ್ಪ ಆ ವಾರವೂ ಹೋದ. ಅದರ ಮರುವಾರವೂ ಹೋದ. ಬೇರೆ ಡ್ರೈವರು ಇಲ್ಲವೇ, ನಾನು ಬಿಟ್ಟರೆ ಇನ್ನೊಬ್ಬ ಒಯ್ಯುತ್ತಾನೆ ಅಂತ ತನಗೆ ತಾನೇ ಹೇಳಿಕೊಂಡ. ಆ ಮಾತು ಊತಂಗರೆಯವರೆಗೆ ಸಾಕಾಗುತ್ತಿತ್ತು. ಅಲ್ಲಿಂದಾಚೆಗೆ ಸಾಕಾಗುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅವನು ಲಾರಿಯನ್ನು ಗೋಡೌನಿನ ಹತ್ತಿರಕ್ಕೆ ತಂದಾಗ ಕಟ್ಟೆಯ ಮೇಲೆ ಮೇಸ್ತ್ರಿ ಇರಲಿಲ್ಲ, ಆಳುಗಳೂ ಇರಲಿಲ್ಲ. ಇದ್ದದ್ದು ಇಡೀ ಕುಪ್ಪ. ಗಂಡಸರು ಕೈಯಲ್ಲಿ ಹುಟ್ಟುಗೋಲು ಹಿಡಿದಿದ್ದರು. ಲಾರಿ ನಿಂತದ್ದೇ ಹಿಂದಿನ ದಾರಿಗೆ ಅಡ್ಡವಾಗಿ ಎರಡು ಕಟ್ಟುಮರದ ತೆಪ್ಪ ಎಳೆದು ಹಾಕಿದರು. ವೆಂಕಟೇಶಪ್ಪ ಇಂಜಿನ್ ಆರಿಸಿ, ಬೀಗದ ಕೈ ಮುಷ್ಟಿಯಲ್ಲಿ ಹಿಡಿದುಕೊಂಡು ಕೆಳಗಿಳಿದ.

ಕುಪ್ಪದ ಹಿರಿಯ ಮುಂದೆ ಬಂದ. ಅವರು ಅವನನ್ನು ನಾಟ್ಟಾರ್ ಅಂತ ಕರೆಯುತ್ತಿದ್ದರು. ಕಡಲಿನ ವಿಷಯದಲ್ಲಿ ಅಲ್ಲಿ ಅವನದೇ ಕೊನೆಯ ಮಾತು. ಅವನು ದನಿ ಏರಿಸಲಿಲ್ಲ.

"ಲಾರಿಯಲ್ಲಿ ಏನಿದೆ?"

 "ಸೋಪಿನ ನೀರು ಅಂತಾರೆ, ಅಯ್ಯಾ."

"ಅವರು ಅಂದದ್ದು ಗೊತ್ತು. ನೀನು ಏನಂತೀ?"

"ನಾನು ಡ್ರೈವರು."

ಯಾರೋ ಒಬ್ಬ ಹಿಂದಿನಿಂದ ಅವನ ಕುತ್ತಿಗೆಯ ಟವಲ್ಲಿಗೆ ಕೈ ಹಾಕಿದ. ನಾಟ್ಟಾರ್ ಕಣ್ಣಿನಲ್ಲೇ ಅವನನ್ನು ತಡೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಂಜಲೈ ಬಂದಳು. ಕೈಯಲ್ಲಿ ಅಲ್ಯುಮಿನಿಯಂ ತಟ್ಟೆ. ಅನ್ನ, ಅದರ ಮೇಲೆ ಹುಣಸೆಹುಳಿ ಹಾಕಿದ ಮೀನುಸಾರು, ಪಕ್ಕದಲ್ಲಿ ಬೇಯಿಸಿದ ಚಿಪ್ಪುಮೀನು. ಹಬೆಯಾಡುತ್ತಿತ್ತು. ಅವಳು ತಟ್ಟೆಯನ್ನು ಲಾರಿಯ ಮುಂದೆ ನೆಲದ ಮೇಲಿಟ್ಟು ಕುಳಿತಳು. ಕೂರುವಾಗ ಕಾಲು ಮಡಚಲಾಗದೆ ಹಲ್ಲು ಕಚ್ಚಿದಳು.

"ಇವತ್ತು ಬೆಳಿಗ್ಗೆ ಇದೇ ಕಟ್ಟೆಯ ಕೆಳಗೆ ಹಿಡಿದದ್ದು" ಅಂದಳು. "ನನ್ನ ತಂಗಿಯ ಮೊಮ್ಮಗಳು ಮೂರು ದಿನದಿಂದ ಕಡಲೂರಿನ ಆಸ್ಪತ್ರೆಯಲ್ಲಿ ರಕ್ತ ಕಾರ್ತಿದ್ದಾಳೆ. ಅವಳು ತಿಂದದ್ದೂ ಇದನ್ನೇ. ನೀನು ಸೋಪಿನ ನೀರು ಅಂತೀ. ಸರಿ. ಸಾಪ್ಪಿಡು, ಅಣ್ಣೇ. ತಿನ್ನು."

ಎಷ್ಟೋ ವಾರ ಅವಳ ಕೈಯಿಂದ ಉಂಡವನು ಅವನು. ತಟ್ಟೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ.  ತಿಂದರೆ ಬಿಟ್ಟಾರು ಅನ್ನಿಸಿತು. ಒಂದು ತುತ್ತು ತಾನೇ. ಅನ್ನ ಕಲೆಸಿದ. ಕೈ ಬಾಯಿಯ ಹತ್ತಿರ ಹೋಯಿತು. ಅಲ್ಲಿಗೆ ನಿಂತಿತು. ಅಂಗಿಯ ತೋಳಿನ ತೂತುಗಳಿಂದ ತನ್ನ ಮೈ ಕಂಡಿತು ಅವನಿಗೆ. ತುತ್ತನ್ನು ತಟ್ಟೆಗೇ ವಾಪಸು ಹಾಕಿದ.

"ಆಗೋದಿಲ್ಲಮ್ಮಾ" ಅಂದ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ: "ವಿಷ ಅದು. ನಂಗೆ ಗೊತ್ತಿತ್ತು."

ಒಬ್ಬ ಹುಟ್ಟುಗೋಲು ಬೀಸಿದ. ಏಟು ಹೆಗಲಿಗೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಅಂಜಲೈ ಎದ್ದು ನಡುವೆ ನಿಂತಳು. "ಬೇಡ. ಇವನನ್ನು ಕೊಂದರೆ ನಾಳೆ ಇನ್ನೊಂದು ಲಾರಿ ಬರ್ತದೆ. ಇದನ್ನ ಇವನೇ ವಾಪಸು ಹೊತ್ತುಕೊಂಡು ಹೋಗಲಿ."

"ಇವನು ಮುಂದಿನ ತಿರುವಿನಲ್ಲೇ ಸುರಿದು ಹೋಗ್ತಾನೆ" ಅಂದ ಹೊಡೆದವನು.

ನಾಟ್ಟಾರ್ ವೆಂಕಟೇಶಪ್ಪನ ಮುಖ ನೋಡಿದ. "ಸುರೀತೀಯಾ?"

"ಇಲ್ಲ."

"ಯಾರ ಮೇಲೆ ಆಣೆ?"

ವೆಂಕಟೇಶಪ್ಪನಿಗೆ ತಟ್ಟನೆ ಯಾವ ದೇವರ ಹೆಸರೂ ಬರಲಿಲ್ಲ. "ನನ್ನ ಹೆಂಡ್ತಿ ಮೇಲೆ" ಅಂದ. ಕಟ್ಟುಮರಗಳನ್ನು ಬದಿಗೆಳೆದರು.

ವಾಪಸು ದಾರಿ ಬಂದ ದಾರಿಯಂತಿರಲಿಲ್ಲ. ತುಂಬಿದ ಡ್ರಮ್ಮುಗಳನ್ನು ಏರಿಳಿತ, ಗುಂಡಿ ಗೊಟರಿನ ಮೇಲೆ ಎರಡನೆಯ ಸಲ ಒಯ್ಯುವ ಹಾಗೆ ಅವನು ಕಟ್ಟಿರಲಿಲ್ಲ. ಹೆಗಲು ಊದಿಕೊಂಡು ಗೇರು ಬದಲಿಸಲು ಕೈ ಏಳುತ್ತಿರಲಿಲ್ಲ. ಊತಂಗರೆಯಲ್ಲಿ ಮಲಗಿ ಬೆಳಿಗ್ಗೆ ಹೊರಟವನಿಗೆ ಕೃಷ್ಣಗಿರಿ ಇನ್ನೂ ಹತ್ತು ಮೈಲಿ ಇರುವಾಗ ಹಿಂದಿನಿಂದ ಧಡ್ ಅಂತ ಸದ್ದು ಕೇಳಿಸಿತು. ಆಮೇಲೆ ಗಂಟಲಿಗೆ ಏನೋ ಕಹಿ ಹತ್ತಿತು.

ಬ್ರೇಕು ಒತ್ತಿ ಹಾರಿ ಇಳಿದು ಗಾಳಿಗೆ ಎದುರಾಗಿ ಓಡಿದ. ದೂರ ನಿಂತು ತಿರುಗಿ ನೋಡಿದರೆ ಹಳದಿ ಪಟ್ಟೆಯ ಒಂದು ಡ್ರಮ್ಮು ಮಗ್ಗುಲಾಗಿ, ಮುಚ್ಚಳದ ಸಂದಿಯಿಂದ ಹಲಗೆಯ ಮೇಲೆ ಜಿನುಗುತ್ತಿತ್ತು. ಅದು ಹರಿಯುತ್ತಿದ್ದ ಕಡೆಯೇ ಬಿಳಿ ಪಟ್ಟೆಯವು ನಿಂತಿದ್ದವು. ಒಂದರ ಬುಡ ಆಗಲೇ ಒದ್ದೆಯಾಗಿ, ಅಲ್ಲಿಂದ ತೆಳ್ಳಗೆ ಹಬೆ ಏಳುತ್ತಿತ್ತು. ಅದೇ ಹೊತ್ತಿಗೆ ಆ ಕಡೆಯ ಹೊಲದಿಂದ ಒಬ್ಬ ಹೆಂಗಸು ಆಡುಗಳನ್ನು ಹೊಡೆದುಕೊಂಡು ಲಾರಿಯ ನೆರಳಿಗೆ ಬರುತ್ತಿದ್ದಳು.

"ಅಮ್ಮಾ, ಬರಬೇಡ! ಬರಬೇಡ ಅಂದೆ! ವರಾದೆ! ರಾವದ್ದು!" ಮೂರು ಭಾಷೆಯಲ್ಲೂ ಕೂಗಿದ. ಅವಳು ಯಾಕೆಂದು ತಿಳಿಯದೆ ನಗುತ್ತ ಇನ್ನೆರಡು ಹೆಜ್ಜೆ ಇಟ್ಟಳು. ಅವನು ನೆಲದ ಕಲ್ಲು ಎತ್ತಿ ಅವಳ ಮುಂದಿನ ಆಡಿಗೆ ಬೀಸಿದ. ಅವಳು ಹೆದರಿ, ಅವನ ಏಳು ತಲೆಮಾರನ್ನೂ ಶಪಿಸುತ್ತ ಮಂದೆಯನ್ನು ತಿರುಗಿಸಿಕೊಂಡು ಓಡಿದಳು.

ಅವಳು ಮರೆಯಾದ ಮೇಲೆ ಅವನು ಟವಲ್ಲನ್ನು ನೀರಲ್ಲಿ ಅದ್ದಿ ಮುಖಕ್ಕೆ ಸುತ್ತಿಕೊಂಡ. ಉಸಿರು ಕಟ್ಟಿ ಹತ್ತುವುದು, ಒಂದು ಬಾಣಲೆ ಮಣ್ಣು ಸುರಿಯುವುದು, ಇಳಿದು ದೂರ ಓಡಿ ಉಸಿರಾಡುವುದು, ಮತ್ತೆ ಹತ್ತುವುದು. ಹಾಗೆ ಮಣ್ಣಿನ ಬದು ಕಟ್ಟಿ ಹರಿವು ನಿಲ್ಲಿಸಿದ. ಆಮೇಲೆ ಜಾಕಿಯ ಕಂಬಿ ಕೊಟ್ಟು ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಸ್ಟೆಪ್ನಿ ಟೈರನ್ನು ನಡುವೆ ತುರುಕಿ ಕಟ್ಟಿದ. ಕೆಲಸ ಮುಗಿದಾಗ ಹುಣಸೆಮರದ ಬುಡದಲ್ಲಿ ಕುಳಿತು ವಾಂತಿ ಮಾಡಿಕೊಂಡ. ಕಣ್ಣು ಕತ್ತಲೆ ಬಂತು. ಅರ್ಧ ಗಂಟೆ ಅಲ್ಲೇ ಒರಗಿದ್ದ. ಹೊಗೆ ಅಷ್ಟಕ್ಕೇ ನಿಂತದ್ದು ಅವನ ಪುಣ್ಯ.

ಹೊಸೂರು ತಲುಪಿದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ರಾಮಸ್ವಾಮಿ ತನ್ನ ಶೆಡ್ಡಿನ ಮುಂದೆ ನಿಂತಿದ್ದ. ಮೇಸ್ತ್ರಿ ಮೊದಲೇ ಓಡಿಬಂದು ಸುದ್ದಿ ಮುಟ್ಟಿಸಿದ್ದ.

"ಒಳ್ಳೇದಾಯ್ತು, ಲಾರಿಗೇನೂ ಮಾಡ್ಲಿಲ್ಲವಲ್ಲ" ಅಂದ ರಾಮಸ್ವಾಮಿ. "ಈಗಿಂದೀಗ್ಲೇ ಜವಳಗಿರಿ ಕಡೆ ಬಿಡು. ಕಾಡಂಚಲ್ಲಿ ಹಳೇ ಕಲ್ಲುಗಣಿ ಐತೆ. ಸುರಿದು ಬಾ."

"ಅಲ್ಲಿ ಆನೆ ನೀರು ಕುಡೀತವೆ, ಅಣ್ಣಾ. ದನ ಮೇಯಿಸೋರು ಕುಡೀತಾರೆ."

"ಸಮುದ್ರಾನೂ ಬೇಡ, ಕಾಡೂ ಬೇಡ. ಹಾಗಾದ್ರೆ ನಿನ್ನ ಮನೇಗೆ ಹಾಕ್ಕೋತೀಯಾ?"

ಸಿಟ್ಟಿಗೆ ಆಡಿದ ಮಾತದು. ಆದರೆ ವೆಂಕಟೇಶಪ್ಪ ಅದನ್ನು ಕೇಳಿ ನಿಜವಾಗಿಯೂ ಯೋಚಿಸಿದ. ಎಲ್ಲಿ ಹಾಕಿದರೂ ಅದು ಯಾರದೋ ಮನೆಯೇ. ಹಾಗಾದರೆ ಹುಟ್ಟಿದ ಮನೆಗೇ ಹೋಗಲಿ.

"ಬತ್ತೀನಿ ಅಣ್ಣಾ" ಅಂದು ಲಾರಿ ಹತ್ತಿದ. ರಾಮಸ್ವಾಮಿ ಅವನು ಜವಳಗಿರಿಗೆ ಹೊರಟ ಅಂದುಕೊಂಡ.

ಕಾರ್ಖಾನೆಯ ಗೇಟಿನಲ್ಲಿ ಎರಡೂವರೆಗೆ ಶಿಫ್ಟು ಬದಲಾಗುತ್ತದೆ. ಒಳಗಿನವರು ಹೊರಗೆ, ಹೊರಗಿನವರು ಒಳಗೆ, ಸೈಕಲ್ಲು, ಮೊಪೆಡ್ಡು, ಬಸ್ಸಿಳಿದವರು ಅಂತ ಮುನ್ನೂರು ಜನ ಕೂಡುವ ಹೊತ್ತು. ವೆಂಕಟೇಶಪ್ಪ ಸರಿಯಾಗಿ ಅದೇ ಹೊತ್ತಿಗೆ ಲಾರಿಯನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿದ. ವಾಚ್‌ಮನ್ ಸೀಟಿ ಊದುತ್ತ ಬಂದ. ಜನ ಸೇರಿತು.

"ಮುಟ್ಟಬೇಡ್ರಪ್ಪಾ, ದೂರ ಇರ್ರಿ" ಅಂದ ವೆಂಕಟೇಶಪ್ಪ.  "ಇದು ನಿಮ್ಮ ಕಾರ್ಖಾನೇದು. ನಾಲ್ಕು ತಿಂಗಳಿಂದ ಸಮುದ್ರಕ್ಕೆ ಸುರ್ದಿದ್ದೀನಿ. ಮೀನು ಸತ್ತೋ. ಒಂದು ಮಗು ಆಸ್ಪತ್ರೇಲಿ ಐತೆ. ಅವರು ವಾಪಸು ಕಳ್ಸವ್ರೆ. ತಗೊಳ್ಳಿ."

ಮ್ಯಾನೇಜರು ಕಿಟಕಿಯಲ್ಲಿ ಕಂಡು ಮಾಯವಾದ. ಪೊಲೀಸಿಗೆ ಫೋನು ಹೋಯಿತು. ಯಾರೋ ಕುಡುಕ ಅಂದರು, ಯಾರೋ ಯೂನಿಯನ್ನಿನವನು ಅಂದರು. ಆಗ ಶಿಫ್ಟು ಮುಗಿಸಿ ಬಂದ ಗುಂಪಿನಿಂದ ನಂಜಪ್ಪ ಮುಂದೆ ಬಂದ.  ಕೆಲಸ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು.

"ಅವನು ಹೇಳೋದು ನಿಜ" ಅಂದ. "ಹಳದಿ ಪಟ್ಟೆ, ಬಿಳಿ ಪಟ್ಟೆ, ಎರಡೂ ನಾನೇ ಬಳ್ದಿದ್ದು. ಒಳಗೆ ಏನೈತೆ ಅಂತ ನಾನು ಹೇಳ್ತೀನಿ." ತನ್ನ ಎರಡೂ ಅಂಗೈ ಎತ್ತಿ ತೋರಿಸಿದ. ಚರ್ಮದಲ್ಲಿ ಕುಳಿಗಳು ಬಿದ್ದು ಹುಣ್ಣಾಗಿದ್ದವು.  ತೊಟ್ಟಿ ಕೆಲಸದ ಇನ್ನಿಬ್ಬರು ಅವನ ಪಕ್ಕಕ್ಕೆ ಬಂದು ನಿಂತರು. ಒಳಗೆ ಹೋಗಬೇಕಿದ್ದ ಶಿಫ್ಟು ಆ ದಿನ ಒಳಗೆ ಹೋಗಲಿಲ್ಲ.

ಲಾರಿ ಕದ್ದ ಅಂತ ರಾಮಸ್ವಾಮಿ ದೂರು ಕೊಟ್ಟ. ವೆಂಕಟೇಶಪ್ಪ ಎರಡು ದಿನ ಠಾಣೆಯಲ್ಲಿದ್ದ. ಪಾರ್ವತಮ್ಮ ರಾಗಿಮುದ್ದೆ ಕಟ್ಟಿಕೊಂಡು ಬಂದಳು. "ನನ್ನ ಮೇಲೆ ಆಣೆ ಇಟ್ಯಂತೆ?" ಅಂದಳು. "ಇನ್ನೊಂದ್ಸಲ ಇಡೋದಾದ್ರೆ ಕೇಳ್ಬುಟ್ಟು ಇಡು, ಮಾವ." ಅಷ್ಟು ಹೇಳಿ ಅವನ ಊದಿದ ಹೆಗಲಿಗೆ ಬಿಸಿ ಉಪ್ಪಿನ ಗಂಟು ಒತ್ತುತ್ತ ಅತ್ತಳು.

ಮೂರನೆಯ ದಿನ ಅವನನ್ನು ಬಿಟ್ಟರು. ಅಂದೇ ಮಾಲಿನ್ಯ ನೋಡುವ ಸರ್ಕಾರಿ ಕಚೇರಿಯಿಂದ ಒಬ್ಬ ಇಂಜಿನಿಯರು ಬಂದರು. ಹೆಸರು ಬದರೀನಾಥ, ಹೊಸೂರಿನ ಹಳೇ ಮನೆತನದವರು. ಡ್ರಮ್ಮುಗಳಿಂದ ಸೀಸೆಗಳಿಗೆ ನೀರು ತುಂಬಿಸಿಕೊಂಡರು. ಆಮೇಲೆ ವೆಂಕಟೇಶಪ್ಪನನ್ನೇ ಜೀಪಿನಲ್ಲಿ ಕೂರಿಸಿಕೊಂಡು ಕುಪ್ಪಕ್ಕೆ ಹೋದರು. ಅಲ್ಲಿ ಅವರು ನೀರಿಗಿಂತ ಹೆಚ್ಚಾಗಿ ಕೆಸರು ಅಗೆದದ್ದು ಕಂಡು ಅವನು ಯಾಕೆ ಅಂತ ಕೇಳಿದ.

"ಸಯನೈಡು ಮೀನನ್ನ ಕೊಲ್ಲುತ್ತೆ, ಆದರೆ ಅದು ಬೇಗ ಕರಗಿ ಹೋಗುತ್ತಪ್ಪಾ. ಲೋಹ ಹಾಗಲ್ಲ. ಆ ಹಸಿರು ಕೆಸರು ಉಪ್ಪುನೀರಿಗೆ ಬಿದ್ದರೆ ಹೆಪ್ಪುಗಟ್ಟಿ ತಳ ಸೇರುತ್ತೆ. ರಾಮಸ್ವಾಮಿ ಅಂದ್ಕೊಂಡ ಹಾಗೆ ಕಡಲು ಎಳ್ಕೊಂಡು ಹೋಗಲಿಲ್ಲ, ಅರ್ಧ ಇಲ್ಲೇ ಕೂತಿದೆ. ಚಿಪ್ಪುಮೀನು ದಿನವಿಡೀ ಇದೇ ನೀರನ್ನ ಒಳಗೆ ಎಳ್ಕೊಂಡು ಸೋಸುತ್ತೆ. ಸೋಸಿದ್ದು ಅದರ ಮೈಯಲ್ಲೇ ನಿಲ್ಲುತ್ತೆ."

"ಯಾವಾಗ ಸರಿಹೋಗ್ತದೆ ಸಾಮಿ?"

ಬದರೀನಾಥ ಕೈಯ ಕೆಸರು ಒರೆಸಿಕೊಂಡರು. "ಮೀನು ಒಂದೆರಡು ಮಳೆಗಾಲದಲ್ಲಿ ಬರಬಹುದು. ಕೆಸರಿನ ಮಾತು ನಾನು ಹೇಳಲಾರೆ."

ಮಗು ಬದುಕಿತು. ಆದರೆ ಆ ವರ್ಷ, ಮರುವರ್ಷ ಹಿನ್ನೀರಿಗೆ ಇಳಿಯಬಾರದು ಅಂತ ಆಜ್ಞೆಯಾಯಿತು. ಮೂವತ್ತು ಹೆಂಗಸರು ಉಪ್ಪಿನ ಪಾತಿಗಳಿಗೆ ಕೂಲಿಗೆ ಹೋದರು. ಅಂಜಲೈಯ ಕಾಲು ಪೂರ್ತಿ ವಾಸಿಯಾಗಲಿಲ್ಲ. ಕಾರ್ಖಾನೆಯವರು ಕೋರ್ಟಿನ ಭಯಕ್ಕೆ ನೀರು ಶುದ್ಧಿಮಾಡುವ ತೊಟ್ಟಿಗಳನ್ನು ಕಟ್ಟಿಸಿದರು. ನಂಜಪ್ಪನನ್ನು ಮಾತ್ರ ವಾಪಸು ಸೇರಿಸಿಕೊಳ್ಳಲಿಲ್ಲ. ಅವನು ಊರಿಗೆ ಹೋಗಿ ಹುಣ್ಣುಗೈಯಲ್ಲೇ ನೇಗಿಲು ಹಿಡಿದ.

ಕೇಸು ೧೯೮೬ರಲ್ಲಿ ಕಡಲೂರಿನ ಕೋರ್ಟಿಗೆ ಬಂತು. ಸಾಕ್ಷಿ ಹೇಳುವ ಮುಂಚೆ ಸರ್ಕಾರಿ ವಕೀಲರು ವೆಂಕಟೇಶಪ್ಪನನ್ನು ವರಾಂಡದಲ್ಲಿ ಕೂರಿಸಿಕೊಂಡು ತಿಳಿಸಿ ಹೇಳಿದರು. ಡ್ರಮ್ಮಿನಲ್ಲಿ ಏನಿತ್ತೋ ಗೊತ್ತಿರಲಿಲ್ಲ ಅಂತ ಹೇಳಿದರೆ ನಿನ್ನ ಮೇಲೆ ಏನೂ ಬರುವುದಿಲ್ಲ, ಸಾಕ್ಷಿಯೂ ಗಟ್ಟಿ. ವೆಂಕಟೇಶಪ್ಪ ತಲೆಯಾಡಿಸಿದ.

ಒಳಗೆ ರಾಮಸ್ವಾಮಿಯ ವಕೀಲ ಕೇಳಿದ: "ನೀನು ಸಾಗಿಸುತ್ತಿದ್ದದ್ದು ವಿಷ ಅಂತ ನಿನಗೆ ಯಾವಾಗ ತಿಳಿಯಿತು?"

ಕುಪ್ಪದವರು ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದರು. ವೆಂಕಟೇಶಪ್ಪ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸರ್ಕಾರಿ ವಕೀಲರು ಅವನನ್ನೇ ನೋಡುತ್ತಿದ್ದರು.

"ಮೊದಲ್ನೇ ದಿನಾನೇ ನಂಜಪ್ಪ ಹೇಳಿದ್ದ" ಅಂದ. "ನಂಬಬಾರದು ಅಂತ ಮಾಡ್ಕೊಂಡಿದ್ದೆ. ಮಾರ್ಚಿ ತಿಂಗಳಲ್ಲಿ ಏಡಿ ಸತ್ತಾಗ ನಂಬಿದೆ. ಅದಾದ ಮೇಲೂ ಆರು ಸಲ ಹೋಗಿದ್ದೀನಿ."

ನ್ಯಾಯಾಧೀಶರು ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. ಆರು ಸಲ ಅಂತ ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು.

ರಾಮಸ್ವಾಮಿಗೂ ಮ್ಯಾನೇಜರಿಗೂ ಶಿಕ್ಷೆಯಾಯಿತು. ಆ ಮಾತಿನ ಮೇಲೆ ಆರೋಪಿಗಳ ಪಟ್ಟಿಗೆ ಸೇರಿದ ವೆಂಕಟೇಶಪ್ಪನಿಗೂ ಆಯಿತು. ಮೂರು ತಿಂಗಳು ಜೈಲು, ಎರಡು ವರ್ಷ ಲೈಸೆನ್ಸು ರದ್ದು. ಅವನು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಬಿಡುಗಡೆಯಾಗಿ ಬಂದ ಮೇಲೆ ರಾಯಕೋಟೆ ಬಸ್ ಸ್ಟ್ಯಾಂಡಿನ ಪಕ್ಕ ಪಂಕ್ಚರ್ ಅಂಗಡಿ ಹಾಕಿಕೊಂಡ. ಲೈಸೆನ್ಸು ವಾಪಸು ಬಂದಾಗ ಅದನ್ನು ಪೆಟ್ಟಿಗೆಗೆ ಹಾಕಿಟ್ಟ.  ಟೊಮೆಟೊ ಲೋಡಿನ ಡ್ರೈವರುಗಳು ಅವಸರದಲ್ಲಿ ಬಂದು ನಿಂತರೆ ಅವನು ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಮೊದಲು ಅವರ ಟೈರು ಬಿಚ್ಚುತ್ತಿದ್ದ.